ಕತ್ತಿ ಮಸೆದ ಸದ್ದಿಗೆ

ಅಪ್ಪಾಜಿ,

ಇವತ್ತು ಬೆಳಿಗ್ಗೆ ನಿಮ್ಮ ಕತ್ತಿಯಲ್ಲಿ ಗಡ್ಡ ಬೋಳಿಸಿಕೊಂಡೆ. ಹುಣಸೂರಿನ ಗುಜರಿ, ಕೆ.ಆರ್. ನಗರದ ಸಂತೆ ಎಂದು ಸುತ್ತಿ ಹಳೆಯ ಕ್ಷೌರದ ಕತ್ತಿಗಳನ್ನು ಒಂದು ಪೆಟ್ಟಿಗೆ ತುಂಬ ಕೂಡಿಟ್ಟಿದ್ದೇನೆ. ನೀವು ಹೋದ ಮೇಲೆ ನಿಮ್ಮದನ್ನು ಮಾತ್ರ ಟ್ರಂಕಿನಿಂದ ತೆಗೆಯಲು ಇಷ್ಟು ದಿನ ಬೇಕಾಯಿತು.

ಕಲ್ಲಿನ ಮೇಲೆ ಮಸೆದು, ನಿಮ್ಮ ಹಾಗೆಯೇ ಚರ್ಮದ ಪಟ್ಟಿಯನ್ನು ಹಿತ್ತಿಲ ಕಿಟಕಿಯ ಸರಳಿಗೆ ಸಿಕ್ಕಿಸಿ, ಅದರ ಮೇಲೆ ಅಲಗನ್ನು ಆಡಿಸಿದೆ. ಆ ಪಟಪಟ ಸದ್ದು ನಿಲ್ಲುವಷ್ಟರಲ್ಲಿ ಅವ್ವ ಚೊಂಬಿನಲ್ಲಿ ಬಿಸಿನೀರು ಹಿಡಿದು ಬಂದಳು. ನಾನು ಕೇಳಿರಲಿಲ್ಲ. ನನ್ನ ಮುಖ ನೋಡಿ ಅಲ್ಲೇ ನಿಂತಳು.

"ಅಯ್ಯೋ, ನೀನಾ! ಸದ್ದು ಕೇಳ್ತು, ಕಾಲು ತಾನಾಗೇ ಬಂದ್ಬುಡ್ತು ಕಣಪ್ಪ."

ಅಲಗು ಕೆನ್ನೆಗೆ ತಾಗಿದ್ದೇ ಗೊತ್ತಾಗಲಿಲ್ಲ. ಒಣ ಹುಲ್ಲಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದಂಥ ಸಣ್ಣ ಸದ್ದು ಮಾತ್ರ. ತಾತನ ಕಾಲದಿಂದ ಮಸೆದು ಮಸೆದು ಅಲಗು ಅರ್ಧ ಸವೆದಿದೆ, ಹರಿತ ಮಾತ್ರ ಹಾಗೇ ಇದೆ. ನನ್ನ ಪೆಟ್ಟಿಗೆಯ ಯಾವ ಕತ್ತಿಯೂ ನಾನು ಹೀಗೆ ಉಸಿರು ಹಿಡಿದು ನಿಲ್ಲುವಂತೆ ಮಾಡಿರಲಿಲ್ಲ. ನುಣುಪಾದ ಕೆನ್ನೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ.

ಅವ್ವ ಮೆಟ್ಟಿಲ ಮೇಲೆ ಕೂತು ಕೊನೆಯವರೆಗೂ ನೋಡಿದಳು.

"ಆಸ್ಪತ್ರೇಲಿ ನಿಮ್ಮಪ್ಪಾಜಿ ದಿನಾ ಕೇಳೋರು," ಅಂದಳು. "ವಸಿ ಗಡ್ಡ ತೆಗೀರಪ್ಪ ಅಂತ."

ನಾನು ಕತ್ತಿ ಒರೆಸುತ್ತಾ ಕೂತೆ. ಇನ್ನೊಂದು ಮುಖಕ್ಕೆ ಸಾಕಾಗುವಷ್ಟು ಹರಿತ ಅದರಲ್ಲಿ ಉಳಿದಿತ್ತು. ಚೊಂಬಿನ ನೀರೂ ಇನ್ನೂ ಬೆಚ್ಚಗಿತ್ತು.