ಅಲುಗಾಡದವರಿಗೆ ಬೆಳಕಿಲ್ಲ

ಚಿಕ್ಕರಸಿನಕೆರೆ
೯ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಅವ್ವಾ,

ನಿನ್ನ ಮಗ ಕೆಂಪರಾಜು ಮಾಡುವ ನಮಸ್ಕಾರ. ಮಂಡಿ ನೋವು ಹೇಗಿದೆ? ಮಳವಳ್ಳಿಯಲ್ಲಿ ಅಕ್ಕ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದಾಳೆಂದು ಗೊತ್ತು, ಆದರೂ ಕೇಳುವುದು ನನ್ನ ಧರ್ಮ. ಇಲ್ಲಿ ನಾನೂ ನಿನ್ನ ಸೊಸೆ ದೀಪಿಕಳೂ ಕ್ಷೇಮ. ಉಳಿದಿರುವ ಒಂದು ಟಗರೂ ಕ್ಷೇಮ. ಕೈಯಾರೆ ಹುರುಳಿ ತಿನ್ನಿಸುವವರಿಲ್ಲದೆ ಸ್ವಲ್ಪ ಮುನಿಸಿಕೊಂಡಿದೆ. ಮನೆಯಲ್ಲಿ ಫೋನಿರುವಾಗ ಕಾಗದ ಯಾಕಪ್ಪಾ ಅನ್ನುತ್ತೀಯ. ಫೋನಿನಲ್ಲಿ ಲೈಟಿನ ಮಾತೆತ್ತಿದ ಕೂಡಲೇ ನೀನು ‘ಬುಡ್ಲಾ ಅತ್ಲಾಗೆ’ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನಿನ್ನ ಮೊಮ್ಮಗಳು ಬಿಂದುಶ್ರೀ ಕೊನೆಯವರೆಗೂ ಓದಿ ಹೇಳುತ್ತಾಳೆ. ಬಿಂದು, ಮಧ್ಯೆ ಮಧ್ಯೆ ನಗಬೇಡ ಕಣಮ್ಮ.

ಯುಗಾದಿ ಕಳೆದ ಮೇಲೆ ನಮ್ಮ ಎರಡು ಬಂಡೂರು ಟಗರು ಕಳುವಾದಾಗ ‘ಮನೆ ಮುಂದೆ ಏನಾರಾ ಬೆಳ್ಕು ಮಾಡ್ಲಾ’ ಎಂದವಳು ನೀನೇ, ನೆನಪಿರಲಿ. ಡೈರಿಯಲ್ಲಿ ಊರವರ ಹಾಲನ್ನೆಲ್ಲಾ ಪರೀಕ್ಷೆ ಮಾಡುವವನು ನಾನು. ನೋಡದೆ ಕೇಳದೆ ಒಂದು ಬಲ್ಬನ್ನೂ ಕೊಳ್ಳುವವನಲ್ಲ. ಯಾರಾದರೂ ಹತ್ತಿರ ಬಂದರೆ ತಾನೇ ಹತ್ತಿಕೊಳ್ಳುವ ಸೆನ್ಸಾರ್ ಲೈಟೇ ಕಳ್ಳರಿಗೆ ಸರಿ ಎಂದು ಮದ್ದೂರಿಗೆ ಹೋದೆ. ಮೊದಲು ತಂದದ್ದು ಸೋಲಾರಿನದು. ಹೊಂಗೆ ಮರದ ನೆರಳಿನಲ್ಲಿ ಅದಕ್ಕೆ ಬಿಸಿಲು ಸಾಲದೆ ಬೆಳಗಾಗುವ ಮುಂಚೆಯೇ ಮಂಕಾಗುತ್ತಿತ್ತು. ಅದನ್ನು ವಾಪಸು ಕೊಟ್ಟು ಕರೆಂಟಿನದು ತಂದೆ. ಮಳೆನೀರು ಇಳಿಯದ ಹಾಗೆ ಸುತ್ತ ರಬ್ಬರು, ಎಷ್ಟು ದೂರ ನೋಡಬೇಕು, ಎಷ್ಟು ಹೊತ್ತು ಉರಿಯಬೇಕು ಎಂದು ತಿರುಗಿಸಲು ಗುಂಡಿಗಳು, ಎಲ್ಲಾ ಇದ್ದವು. ನಾನು ಅದನ್ನು ರಸ್ತೆಯ ಕಡೆ ತಿರುಗಿಸಿ ಹಾಕಿದೆ. ಹೋಗುವ ಬೈಕು, ಬರುವ ಎಮ್ಮೆ, ಕರಿಯಪ್ಪನ ನಾಯಿ, ಎಲ್ಲರಿಗೂ ಸಲಾಮು ಹೊಡೆಯಿತು. ಗಾಳಿ ಶುರುವಾದ ಮೇಲೆ ಬಾಳೆ ಎಲೆಗೂ ಹೊಡೆಯಿತು. ಕೊನೆಗೆ ತಲೆಯ ಮೇಲೆ ಎರಡು ಮೊಳ ಎತ್ತರದಲ್ಲಿ, ಕೆಳಕ್ಕೆ ಬಾಗಿಸಿ, ಅಂಗಳವನ್ನು ಅಡ್ಡ ದಾಟುವವರು ಕಾಣುವಂತೆ ಹಾಕಿದ ಮೇಲೆ ಸರಿಹೋಯಿತು. ನೇರ ಎದುರಿಗೆ ಬರುವವರಿಗಿಂತ ಅಡ್ಡ ಹೋಗುವವರು ಅದಕ್ಕೆ ಬೇಗ ಕಾಣುತ್ತಾರೆ. ಈಗ ಊರಿನಲ್ಲಿ ಯಾರಿಗೆ ಲೈಟು ಬೇಕಾದರೂ ನನ್ನನ್ನು ಕೇಳುತ್ತಾರೆ.

ಲೈಟು ಒಳ್ಳೆಯದೇ ಎಂದು ಈಗಲೂ ಹೇಳುತ್ತೇನೆ. ಅದಕ್ಕೆ ತಿಳಿಯುವುದು ಒಂದೇ, ಅಲುಗಾಡುವ ಬಿಸಿ ಮೈ. ಸುಮ್ಮನೆ ಕೂತವರು ಅದರ ಪಾಲಿಗೆ ಇಲ್ಲ. ನೀನೋ ಮುಸ್ಸಂಜೆಗೆ ಹಿತ್ತಿಲ ಬಾಗಿಲು ಹಾಕಿ, ದೇವರ ದೀಪ ಹಚ್ಚಿ, ಮುಂಬಾಗಿಲ ಬಲ್ಬು ಹಾಕಿ ಜಗಲಿಯಲ್ಲಿ ಕೂರುವವಳು. ಅಪ್ಪ ಹಾಕಿಸಿದ್ದ ಆ ಬಲ್ಬನ್ನು, ಇನ್ನು ಎರಡೆರಡು ಯಾಕೆ ಎಂದು ನಾನು ಕಳಚಿಸಿದ್ದೆ. ‘ದೀಪ ಅಚ್ಚಿದ್ರೆ ಲಕ್ಷ್ಮಿ ಬರೋದು ಕಣ್ಲಾ, ಲಕ್ಷ್ಮಿ ಬಂದ್ಮೇಲಾ ದೀಪ ಅಚ್ಚೋದು?’ ಎಂದು ನೀನು ಕೇಳಿದಾಗ ನಾನು ನಕ್ಕುಬಿಟ್ಟೆ. ಆಮೇಲೆ ದಿನಾ ಇದೇ ಆಯಿತು. ನೀನು ಕೂತ ಸ್ವಲ್ಪ ಹೊತ್ತಿಗೆ ಲೈಟು ಆರುವುದು, ನೀನು ಬೀಸಣಿಗೆ ಆಡಿಸುವುದು, ಅದು ಮತ್ತೆ ಹತ್ತುವುದು. ಎದುರುಮನೆ ಮಲ್ಲಿಗಮ್ಮ ನೀನು ತನ್ನನ್ನೇ ಕರೆಯುತ್ತಿದ್ದೀಯೆಂದು ಎದ್ದು ಬಂದು ಬಂದು ಸುಸ್ತಾದಳು. ಅಕ್ಕ ಭಾವ ಬಂದಿದ್ದ ಸಂಜೆ ನಾವೆಲ್ಲಾ ಒಳಗೆ ಕಾಫಿ ಕುಡಿಯುವಾಗ ಹೊರಗೆ ಲೈಟು ಆರಿತು. ‘ಅವ್ವಾ, ಕೈಯಾಡಿಸ್ತಾ ಇರು’ ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಭಾವ ನಕ್ಕರು. ನೀನು ಒಳಗೆ ಬಂದು ನಿಂತು, ‘ನಾನಿನ್ನೂ ಬದ್ಕಿವ್ನಿ ಅಂತ ಆ ಲೈಟ್ಗೆ ದಿನಾ ತೋರಿಸ್ಬೇಕೇನ್ಲಾ?’ ಎಂದು ಕೇಳಿದೆ. ಮಾರನೆಯ ದಿನ ನೀನು ಅವರ ಜೊತೆಗೇ ಹೊರಟುಹೋದೆ.

ಮಿಕ್ಕಂತೆ ಹೇಳುವಂಥದ್ದೇನಿಲ್ಲ. ಕಬ್ಬು ಚೆನ್ನಾಗಿ ಬಂದಿದೆ. ಮಲ್ಲಿಗಮ್ಮ ಮೊನ್ನೆ ಡೈರಿಗೆ ಹಾಲು ಹಾಕಲು ಬಂದವಳು ‘ನಿಮ್ಮವ್ವ ಯಾವಾಗ ಬತ್ತದಪ್ಪ? ಕರ್ಯೋರಿಲ್ದೆ ನಂಗೂ ಹೊತ್ತೇ ಓಯ್ತಿಲ್ಲ’ ಅಂದಳು. ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು. ಬಿಂದುಶ್ರೀ ಚೆನ್ನಾಗಿ ಓದಿಕೊಳ್ಳಲಿ. ಮಂಡಿಗೆ ತಣ್ಣೀರು ಸೋಕಿಸಬೇಡ.

ನಿನ್ನ ಮಗ,
ಕೆಂಪರಾಜು

ಮಡಿಸುವ ಮುಂಚೆ ಇನ್ನೊಂದು ಮಾತು: ಬಿಂದು, ಇಷ್ಟನ್ನು ಅಜ್ಜಿಯ ಪಕ್ಕ ಕೂತು ಮೆಲ್ಲಗೆ ಓದು. ಅವ್ವಾ, ಭಾನುವಾರ ಮುಸ್ಸಂಜೆ ನಾನು ಜಗಲಿಯಲ್ಲಿ ನಿನ್ನ ಜಾಗದಲ್ಲಿ ಕೂತಿದ್ದೆ. ನನಗೂ ಆರಿತು. ಒಳಗೆ ದೀಪಿಕ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು, ಆದರೂ ನನ್ನನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ ಅನ್ನಿಸಿತು. ನನಗೆ ಒಂದು ಸಂಜೆಯೂ ತಡೆಯಲಾಗಲಿಲ್ಲ. ನಿನ್ನೆಯೇ ಸೆನ್ಸಾರ್ ಲೈಟನ್ನು ಬಿಚ್ಚಿಸಿ ಕುರಿ ಕೊಟ್ಟಿಗೆಯ ಕಡೆಗೆ ಹಾಕಿಸಿದೆ. ಕಳ್ಳರು ಅಲ್ಲಿಗೇ ತಾನೇ ಬರುವುದು. ಮುಂಬಾಗಿಲಿಗೆ ಅಪ್ಪನ ಹಳೇ ಹೋಲ್ಡರೇ ಬಂದಿದೆ, ಬಲ್ಬು ಹೊಸದು. ಸ್ವಿಚ್ಚನ್ನು ನೀನು ಕೂತಲ್ಲಿಗೇ ಕೈಗೆಟುಕುವ ಹಾಗೆ ಇಳಿಸಿದ್ದೇನೆ. ಇನ್ನೂ ಯಾರೂ ಒತ್ತಿಲ್ಲ. ದೀಪಿಕ ‘ಅತ್ತೆ ಬಂದು ಆಕ್ಲಿ, ಅಲ್ಲೀಗಂಟ ಯಾರೂ ಮುಟ್ಬ್ಯಾಡಿ’ ಎಂದು ಹಟ ಹಿಡಿದಿದ್ದಾಳೆ. ಆಷಾಢ ಶುಕ್ರವಾರ ಅಕ್ಕ ನಿನ್ನನ್ನು ಹೊಸಿಲು ದಾಟಲು ಬಿಡುವುದಿಲ್ಲ, ಅದಕ್ಕೇ ಹದಿನೆಂಟನೇ ತಾರೀಖು ಗುರುವಾರ ಡೈರಿ ಮುಗಿಸಿ ಕರೆಯಲು ಬರುತ್ತೇನೆ. ಬ್ಯಾಗು ಕಟ್ಟಿಟ್ಟಿರು. ಹೊತ್ತು ಮುಳುಗುವುದರೊಳಗೆ ಊರು ಸೇರಬೇಕು ಅವ್ವಾ, ನಮ್ಮ ಮುಂಬಾಗಿಲು ಕತ್ತಲಾಗಿದೆ.