ಮೂರನೆಯ ಮೆಟ್ಟಿಲಿನ ಕಲ್ಲು

ತಿಕೋಟಾ
ತಾ. ೧೪–೩–೧೯೬೫

ಮೊಮ್ಮಗ ಚಿರಂಜೀವಿ ಶಿವಯೋಗೆಪ್ಪನಿಗೆ ನಿನ್ನ ಆಯಿ ರುದ್ರವ್ವನ ಆಶೀರ್ವಾದ.

ನಾವಿಲ್ಲಿ ಗಟ್ಟಿ ಇದ್ದೇವೆ. ನಿನ್ನ ಮೂರೂ ಕಾಗದ ಮುಟ್ಟಿವೆ. ಕಣ್ಣು ಮಂಜಾಗಿದೆ ಎಂದು ಬರೆಯಬಹುದಿತ್ತು. ಆದರೆ ನನ್ನ ಮಗಳು, ನಿನ್ನ ಅತ್ತೆ ರೇಣುಕವ್ವ ಜೋಳದಲ್ಲಿ ಬಿಟ್ಟ ಹರಳನ್ನು ದಿನಾ ಆರಿಸುವವಳು ನಾನೇ, ಆ ನೆಪ ನಡೆಯುವುದಿಲ್ಲ. ತಡ ಮಾಡಿದ್ದು ನನ್ನ ತಪ್ಪು.

ನಿಮ್ಮ ಫುಟ್‌ಬಾಲ್ ಸಂಘಕ್ಕೆ ಹತ್ತು ವರ್ಷವಾಯಿತು, ಮೈದಾನದ ಕಟ್ಟೆಗೆ ಹೆಸರಿನ ಫಲಕ ಹಾಕಿಸುತ್ತೇವೆ, ಹಳೆಯದನ್ನೆಲ್ಲ ಬರೆದು ಕಳಿಸು ಎಂದಿದ್ದೀ. ಆ ಕಟ್ಟೆ ಕಟ್ಟಿದ ಗೌಂಡಿ ಕರೆಪ್ಪನ ಹೆಸರು ಮಾತ್ರ ಬೇಡವೆಂದು ಠರಾವು ಮಾಡಿದ್ದೀರಂತೆ. ಅದೊಂದು ಮಾತಿಗೇ ಈ ಕಾಗದ.

ನೀನಿರುವ ಸೊಲ್ಲಾಪುರ ರಸ್ತೆಯ ನಮ್ಮ ಮನೆಯ ಹಿಂದೆ ಮೊದಲು ಜಾಲಿಕಂಟಿ ಮತ್ತು ಕತ್ತೆ ಬಿಟ್ಟರೆ ಏನೂ ಇರಲಿಲ್ಲ. ನೀವು ಬಂದ ಮೇಲೂ ಬಹಳ ಫರಕು ಆಗಲಿಲ್ಲ. ಕಂಟಿ ಕಡಿದಿರಿ, ನೆಲ ಸವರಿದಿರಿ, ಬರಿಗಾಲಲ್ಲಿ ಚೆಂಡಿನ ಹಿಂದೆ ಬಿದ್ದಿರಿ. ನೋಡುವ ಮಂದಿ ನಮ್ಮ ಹಿತ್ತಲ ಗೋಡೆ ಹತ್ತಿ ಅದನ್ನು ಕೆಡವಿದ ಮೇಲೆ, ಮನೆಗೊಂದು ಕಲ್ಲು ಕೂಡಿಸಿ ಮೆಟ್ಟಿಲುಗಟ್ಟೆ ಕಟ್ಟೋಣವೆಂದು ಮಾತೆತ್ತಿದವರು ನಮ್ಮ ಯಜಮಾನರು, ನಿನ್ನ ಮುತ್ತ್ಯಾ. ಸೈಕಲ್ ಅಂಗಡಿಯ ಸಿಕಂದರ ತನ್ನ ಬಾಗಿಲ ಮುಂದಿನ ಹಾಸುಗಲ್ಲು ಕೊಟ್ಟ. ನಿನ್ನ ಮುತ್ತ್ಯಾ ಕೊಟ್ಟದ್ದು ನಾನು ಬಟ್ಟೆ ಒಗೆಯುವ ಕಲ್ಲು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಿಡೋಣಿಯ ತವರಿಗೆ ಹೋಗಿ ಬರುವಷ್ಟರಲ್ಲಿ ಕರೆಪ್ಪ ಅದನ್ನು ಕೆತ್ತಿ ಮೂರನೆಯ ಮೆಟ್ಟಿಲಿನ ಮೂಲೆಗೆ ಕೂರಿಸಿಬಿಟ್ಟಿದ್ದ. ಊರ ಮಂದಿ ಕೂರುತ್ತಾರೆ, ನಿನಗೆ ಪುಣ್ಯ ಎಂದರು. ಆ ಪುಣ್ಯದ ಮೇಲೆ ನಿಮ್ಮ ಧೋತರ ಒಗೆಯಲೇನು ಎಂದು ಕೇಳಿದೆ.

ನಿನ್ನ ಮುತ್ತ್ಯಾ ತೀರಿಕೊಂಡ ಮರುವರ್ಷ, ನೀವೆಲ್ಲ ಬಾಗಲಕೋಟೆಗೆ ಆಡಲು ಹೋದ ದಿನ, ಇಬ್ಬರು ಆಳುಗಳಿಂದ ಹಾರೆ ಹಾಕಿಸಿ ಆ ಕಲ್ಲನ್ನು ಮನೆಗೆ ತರಿಸಿದೆ. ನೀನು ಕೇಳಿದಾಗ ನಿಡೋಣಿಯಿಂದ ಬಂತು ಎಂದೆ. ಕದ್ದೆ ಎಂದು ಅನ್ನಿಸಲಿಲ್ಲ. ನನ್ನ ಕಲ್ಲು ನನ್ನ ಹಿತ್ತಲಿಗೆ ಬಂತು, ಅಷ್ಟೆ. ಮೂಲೆಗೆ ಮಣ್ಣುಹೆಂಟೆ ತುಂಬಿಸಿ, ಮೇಲೆ ತೆಳು ಪರಸಿಗಲ್ಲು ಹೊಚ್ಚಿಸಿ, ಸುಣ್ಣ ಬಳಿಸಿದೆ. ಈಗ ನನ್ನನ್ನು ತಿನ್ನುವುದು ಆ ಸುಣ್ಣ. ಕದಿಯಲಿಲ್ಲವೆಂದ ಮೇಲೆ ಮುಚ್ಚಿದ್ದೇಕೆ?

ಮುಂದಿನ ಆಟದಲ್ಲಿ ಗೋಲಾಯಿತೆಂದು ಮಂದಿ ಎದ್ದು ಕುಣಿದರು. ಅದೇ ಮೂಲೆ ಕುಸಿದು ಸಿಕಂದರನ ಕಾಲು ಮುರಿಯಿತು. ಕರೆಪ್ಪ ಗಾರೆಯಲ್ಲಿ ಮಣ್ಣು ಬೆರೆಸಿದ್ದಾನೆಂದು ಎಲ್ಲರೂ ಅಂದಿರಿ, ನೀನೂ ಅಂದಿ. ಅವನು ನಮ್ಮ ಪಡಸಾಲೆಯಲ್ಲೇ ನಿಂತು, "ನನ್ನ ಗಾರಿ ಹಂಗ ಬಿಡೂದಿಲ್ಲರಿ ಯಪ್ಪಾ" ಎಂದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅವನಿಗೆ ಒಂದು ಒಲೆ ಕಟ್ಟುವ ಕೆಲಸವನ್ನೂ ಯಾರೂ ಕೊಡಲಿಲ್ಲ. ಹೆಂಡತಿ ಮಾಳವ್ವನನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದ.

ಈ ಕಾಗದವನ್ನು ಸಂಘದವರ ಮುಂದೆ ಗಟ್ಟಿಯಾಗಿ ಓದು. ನನ್ನ ಮುಖ ನೋಡಿ ಏನನ್ನೂ ಬಿಡಬೇಡ. ಕರೆಪ್ಪನ ಹೆಸರನ್ನು ನಿನ್ನ ಮುತ್ತ್ಯಾನ ಹೆಸರಿಗಿಂತ ಮೇಲೆ ಕೆತ್ತಿಸು. ಜೈನಾಪುರದಲ್ಲಿ ಅವನ ಅಣ್ಣ ಭಾಗಪ್ಪ ಇದ್ದಾನೆ, ವಿಳಾಸ ಅವನ ಹತ್ತಿರ ಸಿಗುತ್ತದೆ. ನೀನೇ ಹೋಗಿ ಕರೆ. ಸಿಕಂದರನಿಗೆ ನಾನೇ ಬಂದು ಹೇಳುತ್ತೇನೆ. ಅವನು ಬೈದರೆ ತಿರುಗಿ ಬೈಯುವುದಿಲ್ಲ. ಕಷ್ಟ, ಆದರೂ ಬೈಯುವುದಿಲ್ಲ.

ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಓಡಬೇಡ. ಬಸವಣ್ಣ ನಿನ್ನ ಕೈಕಾಲು ಗಟ್ಟಿ ಇಡಲಿ.

ನಿನ್ನ ಆಯಿ,
ರುದ್ರವ್ವ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಊರು ಬಿಡುವ ಮುಂಚೆ ಕರೆಪ್ಪ ನಮ್ಮ ಹಿತ್ತಲಿಗೆ ಬಂದಿದ್ದ. ನಾನು ಅದೇ ಕಲ್ಲಿನ ಮೇಲೆ ಒಗೆಯುತ್ತಿದ್ದೆ. ತನ್ನ ಉಳಿಯ ಗುರುತು ಅವನಿಗೆ ತಿಳಿಯದೆ ಇದ್ದೀತೆ? ಬಹಳ ಹೊತ್ತು ನೋಡಿದ. "ಅವ್ವಾರ, ಕಲ್ಲು ವಾರಿ ಕುಂತೈತ್ರಿ. ಒಗದು ಒಗದು ನಡಾ ನೋಯ್ತೈತಿ ನಿಮಗ" ಎಂದ. ಕೂತು, ಒಂದು ಬದಿ ಎತ್ತಿ, ಕೆಳಗೆ ಕಲ್ಲುಚಕ್ಕೆ ಕೊಟ್ಟು ಮಟ್ಟ ಮಾಡಿ ಹೋದ. ಆಮೇಲೆ ಅದರ ಮೇಲೆ ಒಂದು ಅರಿವೆಯನ್ನೂ ಒಗೆಯಲು ನನ್ನಿಂದ ಆಗಲಿಲ್ಲ. ಮಗಳ ನೆನಪಾಯಿತೆಂದು ಹೇಳಿ ತಿಕೋಟಾಕ್ಕೆ ಬಂದದ್ದು ಸುಳ್ಳು, ಶಿವಯೋಗೆಪ್ಪ.