ಪವರ್ ಬಟನ್ನಿಗೆ ಇಟ್ಟ ಕುಂಕುಮ

ವೇಣಿ,

ಫಸ್ಟ್ ಶಿಫ್ಟಿಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಕಂಪ್ಯೂಟರ್ ತಾನಾಗಿ ಆನ್ ಆಗುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತು. ಆಯುಧಪೂಜೆ ದಿನ ಗಂಧ, ಕುಂಕುಮ ಇಟ್ಟೆನಲ್ಲ, ಸರಿಯಾಗಿ ಪವರ್ ಬಟನ್ ಮೇಲೇ ಇಟ್ಟಿದ್ದೇನೆ. ಅದು ಸಂದಿಗಿಳಿದು ಒಣಗಿ, ಬಟನ್ ಅರ್ಧ ಒತ್ತಿದ ಹಾಗೇ ಅಂಟಿಕೊಂಡಿತ್ತು. ಬಾಗಿಲು ಜೋರಾಗಿ ಹಾಕಿದರೆ ಸಾಕು, ಆನ್. ಈ ಮನೆಯಲ್ಲಿ ಬಾಗಿಲು ಜೋರಾಗಿ ಹಾಕುವುದು ಯಾರು ಅಂತ ನಿನಗೆ ಗೊತ್ತು.

"ನಾನ್ ಮುಟ್ಟೇ ಇಲ್ಲ ಕಣಪ್ಪಾ, ಅದೇ ಆನ್ ಆಗುತ್ತೆ" ಅಂತ ನೀನು ಹತ್ತು ಸಲ ಹೇಳಿದೆ. ನಾನು ನಂಬದೆ ಮೌಸ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಿನ್ನ ಪ್ರಾಜೆಕ್ಟ್ ಒಂದು ವಾರ ನಿಂತಿತು. ಆಮೇಲೂ ಆನ್ ಆದಾಗ ನಿಂಬೆಹಣ್ಣು ಕಟ್ಟಿದೆ. ನಾನು, ಇಪ್ಪತ್ತು ವರ್ಷ ಸರ್ವೀಸಿನ ಎಲೆಕ್ಟ್ರಿಷಿಯನ್.

ಮೌಸ್ ಮೇಜಿನ ಮೇಲಿದೆ. ಬಟನ್ನು ಸ್ಪಿರಿಟ್‌ನಲ್ಲಿ ಒರೆಸಿದ್ದೇನೆ, ಒಣಗಲಿ, ಹತ್ತರವರೆಗೆ ಪ್ಲಗ್ ಹಾಕಬೇಡ. ನಿಂಬೆಹಣ್ಣನ್ನು ಅಮ್ಮ ಏಳುವ ಮೊದಲು ಬಿಚ್ಚಿಬಿಡು, ವರ್ಷವೆಲ್ಲ ಆಡಿಕೊಂಡು ನಗುತ್ತಾಳೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಉಪ್ಪು ಸ್ವಲ್ಪ ಮುಂದಾಗಿದೆ.

ಪೀಣ್ಯದ ಫ್ಯಾಕ್ಟರಿಯಲ್ಲಿ ಮಿಷಿನ್ ತಾನಾಗಿ ಓಡಿದರೆ, ಮೊದಲು ಸ್ವಿಚ್ ನೋಡ್ರೋ ಅಂತ ಎಲ್ಲರಿಗೂ ಬಯ್ಯುವವನು ನಾನೇ. ಮನೆಯಲ್ಲಿ ಮಾತ್ರ ಸ್ವಿಚ್ ಬಿಟ್ಟು ಮಗಳನ್ನು ಹಿಡಿದುಕೊಂಡೆ.

ಅಪ್ಪ

(ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋಗಿದ್ದೇನೆ.)